ಲ್ಯಾಪ್‌ಟಾಪ್‌ನೊಳಗೆ ನಿಜವಾಗಿ ಇರುವುದೇನು: ಬಿಡಿಭಾಗ ಗುರುತಿಸಿ ದೋಷ ಹಿಡಿಯುವ ಕ್ರಮ

ಅಣ್ಣನ ಮಗಳು ಕಾಲೇಜಿಗೆ ಸೇರಿದಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅವಳಿಗಾಗಿ ಬಳಸಿದ ಲ್ಯಾಪ್‌ಟಾಪ್ ಒಂದನ್ನು ಕೊಂಡಿದ್ದೆವು. ಆರು ತಿಂಗಳು ಯಾವ ತೊಂದರೆಯೂ ಇಲ್ಲದೆ ನಡೆದ ಯಂತ್ರ, ವಿಂಡೋಸ್ 10 ಅನ್ನು ಹೊಸದಾಗಿ ಹಾಕಿದ ದಿನ ವೈಫೈ ಕಳೆದುಕೊಂಡಿತು. ಪರದೆಯ ಕೆಳಮೂಲೆಯಲ್ಲಿ ವೈಫೈ ಚಿಹ್ನೆಯೇ ಇರಲಿಲ್ಲ. ತಯಾರಕರ ತಾಣದಲ್ಲಿ ಮಾದರಿಯ ಹೆಸರು ಕೊಟ್ಟು ಹುಡುಕಿದಾಗ ವೈಫೈಗೆಂದೇ ಮೂರು ಬೇರೆ ಬೇರೆ ಡ್ರೈವರ್‌ಗಳು (ಒಳಗಿನ ಸಾಧನವನ್ನು ವಿಂಡೋಸ್ ನಡೆಸಲು ಬೇಕಾದ ತಂತ್ರಾಂಶ) ಸಿಕ್ಕವು. ಮೊದಲನೆಯದು ‘ಸಾಧನ ಸಿಗಲಿಲ್ಲ’ ಎಂದು ನಿಂತುಹೋಯಿತು, ಎರಡನೆಯದು ಪೂರ್ತಿ ಸ್ಥಾಪನೆಯಾದರೂ ವೈಫೈ ಬರಲಿಲ್ಲ, ಮೂರನೆಯದರ ಕಥೆಯೂ ಅದೇ. ಮನೆಯ ಹತ್ತಿರದ ರಿಪೇರಿ ಅಂಗಡಿಯವರು ನೋಡಿ, “ಕಾರ್ಡ್ ಹೋಗಿದೆ ಸಾರ್, ಹೊಸದು ಹಾಕ್ಬೇಕು” ಎಂದರು.

ಕಾರ್ಡ್ ಹೋಗಿರಲಿಲ್ಲ. ಆ ಯಂತ್ರದಲ್ಲಿ ಇದ್ದ ಕಾರ್ಡ್ ಯಾವುದೆಂದು ನಮ್ಮಲ್ಲಿ ಯಾರೂ ಆ ಯಂತ್ರವನ್ನೇ ಕೇಳಿರಲಿಲ್ಲ, ಅಷ್ಟೇ. ಲ್ಯಾಪ್‌ಟಾಪ್ ದುರಸ್ತಿಯಲ್ಲಿ ಹಣವೂ ಸಮಯವೂ ಹೆಚ್ಚಾಗಿ ಪೋಲಾಗುವುದು ಇಲ್ಲಿಯೇ ಎಂಬುದು ನನ್ನ ಅನುಭವ. ಆದ್ದರಿಂದ ಡ್ರೈವರ್ ಹುಡುಕುವ ಮೊದಲು, ಬಿಡಿಭಾಗ ಕೊಳ್ಳುವ ಮೊದಲು, ‘ಇದು ಕೆಟ್ಟಿದೆ’ ಎಂದು ತೀರ್ಮಾನಿಸುವ ಮೊದಲು, ಒಳಗೆ ಏನಿದೆ ಎಂಬುದನ್ನು ಖಚಿತಪಡಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ಮಾದರಿಯ ಹೆಸರನ್ನು ಏಕೆ ನಂಬಬಾರದು

ಲ್ಯಾಪ್‌ಟಾಪ್‌ನ ಮಾದರಿಯ ಹೆಸರು ಒಂದು ಚೌಕಟ್ಟಿನ ಹೆಸರೇ ಹೊರತು ಒಳಗಿನ ಭಾಗಗಳ ಪಟ್ಟಿಯಲ್ಲ. ಒಂದೇ ಹೆಸರಿನಲ್ಲಿ ಮಾರಾಟವಾಗುವ ಯಂತ್ರಗಳಲ್ಲಿ ವೈಫೈ ಕಾರ್ಡ್, ಪರದೆ, ಎಸ್‌ಎಸ್‌ಡಿ (ಕಡತಗಳನ್ನಿಡುವ ಡಿಸ್ಕ್), ಟಚ್‌ಪ್ಯಾಡ್ ಇವೆಲ್ಲವೂ ತಯಾರಿಕೆಯ ಸಮಯದಲ್ಲಿ ಯಾವ ಪೂರೈಕೆದಾರರ ಸರಕು ಲಭ್ಯವಿತ್ತೋ ಅದರಂತೆ ಬದಲಾಗುತ್ತವೆ. ತಯಾರಕರ ತಾಣದಲ್ಲಿ ಒಂದೇ ಕೆಲಸಕ್ಕೆ ಮೂರು ಡ್ರೈವರ್‌ಗಳು ಕಾಣಿಸುವುದಕ್ಕೆ ಕಾರಣವೂ ಇದೇ. ಬಳಸಿದ ಯಂತ್ರವಾದರೆ ಹಿಂದಿನ ಮಾಲೀಕರೋ ಅಂಗಡಿಯವರೋ ಬದಲಾಯಿಸಿದ ಭಾಗಗಳೂ ಇದಕ್ಕೆ ಸೇರಿಕೊಳ್ಳುತ್ತವೆ, ಅವುಗಳ ದಾಖಲೆ ಎಲ್ಲಿಯೂ ಇರುವುದಿಲ್ಲ.

ಮಾಹಿತಿ ಸಿಗುವ ಮೂಲಗಳಿಗೂ ಒಂದು ತರತಮವಿದೆ. ಕೈ ಊರುವ ಜಾಗದಲ್ಲಿ ಅಂಟಿಸಿದ ಸ್ಟಿಕ್ಕರ್ ಎಲ್ಲಕ್ಕಿಂತ ದುರ್ಬಲವಾದ ಸಾಕ್ಷಿ. ಬಯಾಸ್‌ನಲ್ಲಿರುವ (ಯಂತ್ರ ಆರಂಭವಾದೊಡನೆ ಮೊದಲು ಓಡುವ ತಂತ್ರಾಂಶ) ಕೋಷ್ಟಕಗಳು ಅದಕ್ಕಿಂತ ಮೇಲು, ಆದರೆ ಅವು ತಯಾರಕರು ತುಂಬಿಸಿದ ಬರಹಗಳು. ಎಷ್ಟೋ ಯಂತ್ರಗಳಲ್ಲಿ ಅಲ್ಲಿ ‘ತಯಾರಕರು ತುಂಬಬೇಕು’ ಎಂಬರ್ಥದ ಇಂಗ್ಲಿಷ್ ಸಾಲು ಹಾಗೆಯೇ ಉಳಿದಿರುತ್ತದೆ. ಚಿಪ್ ತಾನೇ ಹೇಳುವ ಗುರುತಿನ ಸಂಖ್ಯೆ ಇವೆರಡಕ್ಕಿಂತಲೂ ಗಟ್ಟಿ. ಅದನ್ನೂ ಭಾಗದ ಮೇಲೆ ಮುದ್ರಿಸಿದ ಚೀಟಿಯನ್ನೂ ಹೋಲಿಸಿದಾಗ ಎರಡೂ ಒಂದೇ ಆಗಿದ್ದರೆ ಸಂಶಯಕ್ಕೆ ಎಡೆಯಿಲ್ಲ.

ಹಾರ್ಡ್‌ವೇರ್ ಐಡಿ ಓದುವುದು

ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಡ್ರೈವರ್ ಇಲ್ಲದ ಸಾಧನಗಳು ‘ಅದರ್ ಡಿವೈಸಸ್’ ಎಂಬ ಗುಂಪಿನ ಕೆಳಗೆ ಹಳದಿ ಗುರುತಿನೊಂದಿಗೆ ಕಾಣುತ್ತವೆ. ಅಂಥ ಸಾಧನದ ಪ್ರಾಪರ್ಟೀಸ್ ತೆರೆದರೆ ಮೊದಲ ಪುಟದಲ್ಲಿಯೇ ಒಂದು ಕೋಡ್ ಸಂಖ್ಯೆ ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಕೋಡ್ 28 ಎಂದರೆ ಡ್ರೈವರ್ ಸ್ಥಾಪನೆಯಾಗಿಲ್ಲ ಎಂದು ಮಾತ್ರ ಅರ್ಥ: ಸಾಧನ ಯಂತ್ರಕ್ಕೆ ಕಾಣುತ್ತಿದೆ, ಉತ್ತರವನ್ನೂ ಕೊಡುತ್ತಿದೆ. ಕೋಡ್ 10 ಎಂದರೆ ಸಾಧನ ಆರಂಭವಾಗಲಿಲ್ಲ. ಕೋಡ್ 43 ಎಂದರೆ ಸಾಧನವೇ ತೊಂದರೆ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಈ ಎರಡರಲ್ಲಿ ತಪ್ಪು ಡ್ರೈವರ್ ಇರಬಹುದು, ನಿಜವಾಗಿ ಕೆಟ್ಟ ಭಾಗವೂ ಇರಬಹುದು. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು 28. ಕಾರ್ಡ್ ಬದಲಾಯಿಸಬೇಕು ಎಂಬ ಮಾತು ಅಲ್ಲಿಗೇ ಬಿದ್ದುಹೋಗಬೇಕಿತ್ತು.

ಅದೇ ಕಿಟಕಿಯಲ್ಲಿ ‘ಡೀಟೇಲ್ಸ್’ ಎಂಬ ಪುಟಕ್ಕೆ ಹೋಗಿ, ಮೇಲಿನ ಪಟ್ಟಿಯಿಂದ ‘ಹಾರ್ಡ್‌ವೇರ್ ಐಡಿಸ್’ ಆರಿಸಿದರೆ ನಾಲ್ಕಾರು ಸಾಲುಗಳು ಮೂಡುತ್ತವೆ. ಮೊದಲ ಸಾಲು ಎಲ್ಲಕ್ಕಿಂತ ಉದ್ದವಾದದ್ದು, ನಮಗೆ ಬೇಕಾದದ್ದೂ ಅದೇ. ಸಾಲಿನ ಆರಂಭದಲ್ಲಿ ಪಿಸಿಐ ಎಂದಿದ್ದರೆ ಅದು ಮದರ್‌ಬೋರ್ಡ್‌ನ (ಎಲ್ಲ ಭಾಗಗಳೂ ಜೋಡಣೆಯಾಗುವ ಮುಖ್ಯ ಫಲಕ) ಪಿಸಿಐ ದಾರಿಗೆ ಸೇರಿದ ಸಾಧನ, ಯುಎಸ್‌ಬಿ ಎಂದಿದ್ದರೆ ಒಳಗಿನ ಯುಎಸ್‌ಬಿ ದಾರಿಯದು. ವೆಂಡರ್ ಎಂಬುದನ್ನು ಸೂಚಿಸುವ ಮೂರು ಅಕ್ಷರಗಳ ನಂತರ ಬರುವ ನಾಲ್ಕು ಅಂಕಿಗಳು ಚಿಪ್ ಮಾಡಿದ ಕಂಪನಿಯನ್ನು ಹೇಳುತ್ತವೆ, ಡಿವೈಸ್ ಎಂಬುದರ ನಂತರದ ನಾಲ್ಕು ಅಂಕಿಗಳು ಯಾವ ಚಿಪ್ ಎಂಬುದನ್ನು ಹೇಳುತ್ತವೆ. ಇವು ಹೆಕ್ಸಾಡೆಸಿಮಲ್ ಸಂಖ್ಯೆಗಳಾದ್ದರಿಂದ 0ಯಿಂದ 9ರ ಜೊತೆಗೆ ಎ ಇಂದ ಎಫ್‌ವರೆಗಿನ ಅಕ್ಷರಗಳೂ ಇರುತ್ತವೆ.

ಕಂಪನಿಗಳ ಸಂಖ್ಯೆಗಳಲ್ಲಿ ಕೆಲವು ಪದೇ ಪದೇ ಎದುರಾಗುತ್ತವೆ. 8086 ಇಂಟೆಲ್‌ನದು, ಆ ಕಂಪನಿ 1978ರಲ್ಲಿ ತಂದ ಪ್ರೊಸೆಸರ್‌ನ ಹೆಸರೇ ಇಲ್ಲಿ ಗುರುತಾಗಿ ಉಳಿದಿದೆ. 10ಇಸಿ ರಿಯಲ್‌ಟೆಕ್, 14ಇ4 ಬ್ರಾಡ್‌ಕಾಮ್, 168ಸಿ ಕ್ವಾಲ್‌ಕಾಮ್ ಅಥೆರಾಸ್, 14ಸಿ3 ಮೀಡಿಯಾಟೆಕ್, 10ಡಿಇ ಎನ್‌ವಿಡಿಯಾ, 1002 ಎಎಂಡಿಯ ಗ್ರಾಫಿಕ್ಸ್. ಆದರೆ ಪಿಸಿಐ ಸಂಖ್ಯೆಗಳೂ ಯುಎಸ್‌ಬಿ ಸಂಖ್ಯೆಗಳೂ ಬೇರೆ ಬೇರೆ ಪಟ್ಟಿಗಳು. ರಿಯಲ್‌ಟೆಕ್‌ನ ಯುಎಸ್‌ಬಿ ಸಂಖ್ಯೆ 0ಬಿಡಿಎ, ಇಂಟೆಲ್‌ನ ಬ್ಲೂಟೂತ್‌ಗೆ 8087. ವೈಫೈ ಮತ್ತು ಬ್ಲೂಟೂತ್ ಒಂದೇ ಕಾರ್ಡ್‌ನಲ್ಲಿದ್ದರೂ ಸಾಮಾನ್ಯವಾಗಿ ವೈಫೈ ಪಿಸಿಐ ದಾರಿಯಲ್ಲಿ, ಬ್ಲೂಟೂತ್ ಯುಎಸ್‌ಬಿ ದಾರಿಯಲ್ಲಿ ಸಂಪರ್ಕಗೊಂಡಿರುತ್ತದೆ. ಆದ್ದರಿಂದ ಒಂದು ಬಂದು ಇನ್ನೊಂದು ಬರದಿದ್ದರೆ ಅಚ್ಚರಿಯಿಲ್ಲ, ಎರಡಕ್ಕೂ ಡ್ರೈವರ್ ಪ್ರತ್ಯೇಕವಾಗಿಯೇ ಬೇಕು.

ನಮ್ಮ ಯಂತ್ರ ತೋರಿಸಿದ್ದು 10ಇಸಿ ಮತ್ತು ಸಿ821. ಇದು ರಿಯಲ್‌ಟೆಕ್ ಆರ್‌ಟಿಎಲ್ 8821ಸಿಇ ಎಂಬ ಚಿಪ್. ತಯಾರಕರ ಪಟ್ಟಿಯಲ್ಲಿದ್ದ ಮೂರು ಕಾರ್ಡ್‌ಗಳಲ್ಲಿ ಇದು ಇರಲೇ ಇಲ್ಲ. ಇಲ್ಲಿ ಸಂಖ್ಯೆಯೂ ಹೆಸರೂ ಹತ್ತಿರ ಹತ್ತಿರ ಇವೆಯೆಂದು ಎಲ್ಲ ಕಡೆ ಹಾಗೆಯೇ ಎಂದುಕೊಳ್ಳಬೇಡಿ. ಮೀಡಿಯಾಟೆಕ್ ಎಂಟಿ 7921 ಚಿಪ್‌ನ ಸಂಖ್ಯೆ 7961, ಇಂಟೆಲ್ ಎಎಕ್ಸ್ 200 ಕಾರ್ಡ್‌ನದು 2723. ಊಹಿಸದೆ, ಪಿಸಿಐ ಐಡಿಗಳ ಸಾರ್ವಜನಿಕ ಪಟ್ಟಿಯಲ್ಲಿ ಎರಡೂ ಸಂಖ್ಯೆಗಳನ್ನು ಒಟ್ಟಿಗೆ ಕೊಟ್ಟು ಹುಡುಕಬೇಕು.

ಅದೇ ಸಾಲಿನಲ್ಲಿ ಸಬ್‌ಸಿಸ್ಟಂ ಎಂಬುದರ ಮುಂದೆ ಎಂಟು ಅಂಕಿಗಳಿರುತ್ತವೆ, ಹೆಚ್ಚಿನವರು ಇದನ್ನು ಗಮನಿಸುವುದಿಲ್ಲ. ಕೊನೆಯ ನಾಲ್ಕು ಅಂಕಿಗಳು ಆ ಕಾರ್ಡ್ ಯಾವ ಕಂಪನಿಯ ಯಂತ್ರಕ್ಕಾಗಿ ತಯಾರಾಯಿತು ಎಂಬುದನ್ನು ಹೇಳುತ್ತವೆ: 103ಸಿ ಎಚ್‌ಪಿ, 17ಎಎ ಲೆನೊವೊ, 1028 ಡೆಲ್, 1043 ಆಸುಸ್, 1025 ಏಸರ್. ನಮ್ಮ ಕಾರ್ಡ್‌ನಲ್ಲಿ ಅಲ್ಲಿದ್ದದ್ದು ಆ ಲ್ಯಾಪ್‌ಟಾಪ್ ಮಾಡಿದ ಕಂಪನಿಯ ಸಂಖ್ಯೆಯಲ್ಲ, ಬೇರೊಂದರದು. ಅಂದರೆ ಯಾರೋ ಇನ್ನೊಂದು ಲ್ಯಾಪ್‌ಟಾಪ್‌ನಿಂದ ತೆಗೆದ ಕಾರ್ಡ್ ಇದರಲ್ಲಿ ಕುಳಿತಿತ್ತು. ಮುಚ್ಚಳ ತೆರೆಯದೆಯೇ, ಒಂದು ಸ್ಕ್ರೂ ಬಿಚ್ಚದೆಯೇ ಇಷ್ಟು ತಿಳಿಯಿತು. ಹಳೆಯ ಲ್ಯಾಪ್‌ಟಾಪ್ ಕೊಳ್ಳುವಾಗಲೇ ಈ ಒಂದು ಸಾಲನ್ನು ನೋಡಿದ್ದರೆ ಎಂದು ನನಗೆ ಇಂದಿಗೂ ಅನಿಸುತ್ತದೆ.

ಸಾಧನವೇ ಪಟ್ಟಿಯಲ್ಲಿ ಇಲ್ಲದಿದ್ದರೆ

ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತೂ ಇಲ್ಲ, ಸಾಧನವೂ ಇಲ್ಲ ಎಂದಾದರೆ ಪ್ರಶ್ನೆ ಬೇರೆಯಾಗುತ್ತದೆ. ಮೊದಲು ಬಯಾಸ್‌ಗೆ ಹೋಗಿ ವೈರ್‌ಲೆಸ್ ಆಯ್ಕೆ ನಿಷ್ಕ್ರಿಯವಾಗಿದೆಯೇ ನೋಡಿ. ನಂತರ ಪೆನ್ ಡ್ರೈವ್‌ನಲ್ಲಿ ಉಬುಂಟು (ವಿಂಡೋಸ್‌ನಂಥದೇ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆ) ಹಾಕಿ, ಸ್ಥಾಪಿಸದೆ ಪರೀಕ್ಷಿಸುವ ಆಯ್ಕೆಯಿಂದ ಯಂತ್ರವನ್ನು ಆರಂಭಿಸಿ. ವಿಂಡೋಸ್‌ನ ಯಾವ ಗೊಂದಲವೂ ಇಲ್ಲದ ಎರಡನೆಯ ಸಾಕ್ಷಿ ಇದು, ಮತ್ತು ಡಿಸ್ಕ್‌ನಲ್ಲಿರುವ ಯಾವುದನ್ನೂ ಮುಟ್ಟಬೇಕಾಗುವುದಿಲ್ಲ. ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ ಎಂಬ ಆಜ್ಞೆಗೆ ಅಡ್ಡಗೆರೆಯೊಂದಿಗೆ ಎನ್‌ಎನ್‌ಕೆ ಎಂಬ ಅಕ್ಷರಗಳನ್ನು ಸೇರಿಸಿ ಕೊಟ್ಟರೆ ಪ್ರತಿ ಸಾಧನದ ಹೆಸರು, ಚೌಕ ಕಂಸದಲ್ಲಿ ಅದರ ಸಂಖ್ಯೆಗಳು, ಅದನ್ನು ನಡೆಸುತ್ತಿರುವ ಡ್ರೈವರ್ ಮೂರೂ ಒಟ್ಟಿಗೆ ಸಿಗುತ್ತವೆ. ಯುಎಸ್‌ಬಿ ಸಾಧನಗಳಿಗೆ ಎಲ್‌ಎಸ್‌ಯುಎಸ್‌ಬಿ ಆಜ್ಞೆಯಿದೆ. ವಿಂಡೋಸ್‌ನಲ್ಲಿಯೂ ಉಬುಂಟುವಿನಲ್ಲಿಯೂ ಸಾಧನ ಕಾಣಿಸದಿದ್ದರೆ ಆಗ ಮಾತ್ರ ಕಾರ್ಡ್ ಸಡಿಲವಾಗಿದೆ, ಸ್ಲಾಟ್ ಕೆಟ್ಟಿದೆ ಅಥವಾ ಕಾರ್ಡ್ ಸತ್ತಿದೆ ಎಂದು ಸಂಶಯಿಸಬಹುದು. ಬಿಚ್ಚಿ ಮತ್ತೆ ಸರಿಯಾಗಿ ಕೂರಿಸಿದ ಮಾತ್ರಕ್ಕೆ ಜೀವ ಬಂದ ಕಾರ್ಡ್‌ಗಳನ್ನು ನಾನು ಕಂಡಿದ್ದೇನೆ.

ಬದಲಿ ಕಾರ್ಡ್ ಕೊಳ್ಳಬೇಕಾಗಿಯೇ ಬಂದರೆ ಒಂದು ಎಚ್ಚರಿಕೆ ಬಹಳ ಮುಖ್ಯ. ಇಂಟೆಲ್‌ನ ಎಎಕ್ಸ್ 200 ಮತ್ತು ಎಎಕ್ಸ್ 201 ನೋಡಲು ಒಂದೇ ರೀತಿ ಇರುತ್ತವೆ. ಎಎಕ್ಸ್ 200 ಸಾಮಾನ್ಯ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್. ಎಎಕ್ಸ್ 201 ಹಾಗಲ್ಲ: ಅದರ ಅರ್ಧ ಕೆಲಸ ಇಂಟೆಲ್ ಚಿಪ್‌ಸೆಟ್‌ನ (ಪ್ರೊಸೆಸರ್‌ನ ಜೊತೆಗಾರ ಚಿಪ್) ಒಳಗೇ ನಡೆಯುತ್ತದೆ, ಕಾರ್ಡ್‌ನಲ್ಲಿರುವುದು ರೇಡಿಯೋ ಭಾಗ ಮಾತ್ರ. ಈ ಏರ್ಪಾಡಿಗೆ ಸಿಎನ್‌ವಿಐ ಎಂದು ಹೆಸರು. ಎಎಂಡಿ ಪ್ರೊಸೆಸರ್‌ನ ಲ್ಯಾಪ್‌ಟಾಪ್‌ಗೆ ಎಎಕ್ಸ್ 201 ಹಾಕಿದರೆ ಅದು ಎಂದಿಗೂ ಕೆಲಸ ಮಾಡದು, ಸಿಎನ್‌ವಿಐ ಇಲ್ಲದ ಹಳೆಯ ಇಂಟೆಲ್ ಯಂತ್ರದಲ್ಲಿಯೂ ಅಷ್ಟೇ. ಅಲ್ಲದೆ ಸಿಎನ್‌ವಿಐ ಯಂತ್ರದಲ್ಲಿ ಕಾಣುವ ಡಿವೈಸ್ ಸಂಖ್ಯೆ ಚಿಪ್‌ಸೆಟ್‌ನದು, ಕಾರ್ಡ್‌ನದಲ್ಲ. ಹಾಗಾಗಿ ಒಂದೇ ಎಎಕ್ಸ್ 201 ಬೇರೆ ಬೇರೆ ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಬೇರೆ ಸಂಖ್ಯೆ ತೋರಿಸುತ್ತದೆ, ಅಲ್ಲಿ ಸಬ್‌ಸಿಸ್ಟಂ ಸಂಖ್ಯೆಯನ್ನೂ ಕಾರ್ಡ್‌ನ ಮೇಲಿನ ಚೀಟಿಯನ್ನೂ ನೋಡಿಯೇ ನಿರ್ಧರಿಸಬೇಕು. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಬಯಾಸ್ ತನ್ನ ಪಟ್ಟಿಯಲ್ಲಿಲ್ಲದ ವೈಫೈ ಕಾರ್ಡ್ ಕಂಡರೆ ಯಂತ್ರವನ್ನು ಆರಂಭಿಸಲೇ ಬಿಡುವುದಿಲ್ಲ ಎಂಬುದೂ ನೆನಪಿರಲಿ.

ರ‍್ಯಾಮ್

ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಆರಿಸಿದರೆ ಒಟ್ಟು ಗಾತ್ರ, ವೇಗ, ಎಷ್ಟು ಸ್ಲಾಟ್ ಬಳಕೆಯಲ್ಲಿವೆ ಎಂಬುದು ಕಾಣುತ್ತದೆ. ಈ ಸ್ಲಾಟ್ ಲೆಕ್ಕವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಇದು ಬಯಾಸ್ ಕೋಷ್ಟಕದಿಂದ ಬರುವ ಮಾತು. ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿದ ರ‍್ಯಾಮ್ ಕೂಡ ಅಲ್ಲಿ ಒಂದು ಸ್ಲಾಟ್ ಎಂದು ಎಣಿಕೆಯಾಗಬಹುದು, ಇಲ್ಲದ ಸ್ಲಾಟ್ ಒಂದು ಖಾಲಿ ಇದೆಯೆಂದೂ ಕಾಣಿಸಬಹುದು. ‘ಎರಡರಲ್ಲಿ ಒಂದು’ ಎಂಬ ಸಾಲನ್ನು ನೋಡಿ ಹೊಸ ರ‍್ಯಾಮ್ ತಂದು, ಮುಚ್ಚಳ ತೆರೆದ ಮೇಲೆ ಹಾಕಲು ಜಾಗವೇ ಇಲ್ಲದೆ ಹಿಂದಿರುಗಿಸಿದವರಿದ್ದಾರೆ.

ರ‍್ಯಾಮ್ ಪಟ್ಟಿಯ (ಸ್ಲಾಟ್‌ಗೆ ಕೂರಿಸುವ ಉದ್ದನೆಯ ಫಲಕ) ಮೇಲೆ ಎಸ್‌ಪಿಡಿ ಎಂಬ ಪುಟ್ಟ ಚಿಪ್ ಇರುತ್ತದೆ, ತನ್ನ ತಯಾರಕರು ಯಾರು, ತನ್ನ ವೇಗ ಎಷ್ಟು ಎಂಬುದನ್ನು ಅದು ತಾನೇ ಹೇಳಬಲ್ಲದು. ಸಿಪಿಯು-ಝಡ್ ತಂತ್ರಾಂಶದ ಎಸ್‌ಪಿಡಿ ಪುಟ ಓದುವುದು ಅದನ್ನೇ. ಕೊಳ್ಳುವಾಗ ಪೀಳಿಗೆ (ಡಿಡಿಆರ್ ಎಂಬುದರ ಮುಂದಿನ ಸಂಖ್ಯೆ) ಮೊದಲು, ಗಾತ್ರ ನಂತರ: ಲ್ಯಾಪ್‌ಟಾಪ್‌ನ ಡಿಡಿಆರ್ 3 ಪಟ್ಟಿಗೆ 204 ಪಿನ್, ಡಿಡಿಆರ್ 4ಕ್ಕೆ 260, ಡಿಡಿಆರ್ 5ಕ್ಕೆ 262. ಡಿಡಿಆರ್ 3 ಮತ್ತು ಡಿಡಿಆರ್ 3 ಎಲ್ ಎರಡೂ ಒಂದೇ ಸ್ಲಾಟ್‌ನಲ್ಲಿ ಕೂರುತ್ತವೆ, ಆದರೆ ಮೊದಲನೆಯದಕ್ಕೆ ಬೇಕಾದದ್ದು 1.5 ವೋಲ್ಟ್, ಎರಡನೆಯದು 1.35 ವೋಲ್ಟ್‌ನಲ್ಲಿಯೂ ನಡೆಯುತ್ತದೆ. ಕಡಿಮೆ ವೋಲ್ಟೇಜ್ ಮಾತ್ರ ಕೊಡುವ ಯಂತ್ರಕ್ಕೆ ಮೊದಲನೆಯದನ್ನು ಹಾಕಿ ಪರದೆ ಕಪ್ಪಾಗಿಯೇ ಉಳಿದರೆ ಮದರ್‌ಬೋರ್ಡ್ ಹೋಯಿತೆಂದು ಗಾಬರಿಯಾಗಬೇಕಿಲ್ಲ. ಇನ್ನು 2666 ಎಂದು ಒಂದು ಚೀಟಿಯಲ್ಲಿ, 21300 ಎಂದು ಇನ್ನೊಂದರಲ್ಲಿ ಇದ್ದರೆ ಎರಡೂ ಒಂದೇ ವೇಗವನ್ನು ಹೇಳುತ್ತವೆ: ಮೊದಲನೆಯದನ್ನು ಎಂಟರಿಂದ ಗುಣಿಸಿ ಸರಿಸುಮಾರಾಗಿ ಬರೆದದ್ದೇ ಎರಡನೆಯದು.

ಡಿಸ್ಕ್

ಎಂ.2 ಎಂಬುದು ಆಕಾರದ ಹೆಸರು, ವೇಗದ ಹೆಸರಲ್ಲ. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಒಂದೇ ಆಕಾರದಲ್ಲಿ ಹಳೆಯ ಸಾಟಾ ದಾರಿಯ ಎಸ್‌ಎಸ್‌ಡಿಯೂ ಬರುತ್ತದೆ, ಹೆಚ್ಚು ವೇಗದ ಎನ್‌ವಿಎಂಇ ಎಸ್‌ಎಸ್‌ಡಿಯೂ ಬರುತ್ತದೆ. ಸಾಟಾ ದಾರಿಯ ಮಿತಿ ಸೆಕೆಂಡಿಗೆ ಸುಮಾರು 550 ಮೆಗಾಬೈಟ್. ಕನೆಕ್ಟರ್ ಅಂಚಿನಲ್ಲಿ ಎರಡು ಕಚ್ಚುಗಳಿದ್ದರೆ ಸಾಮಾನ್ಯವಾಗಿ ಸಾಟಾ, ಒಂದೇ ಕಚ್ಚು ಇದ್ದರೆ ಸಾಮಾನ್ಯವಾಗಿ ಎನ್‌ವಿಎಂಇ, ಆದರೂ ಚೀಟಿ ಓದದೆ ತೀರ್ಮಾನಿಸಬೇಡಿ. ಎನ್‌ವಿಎಂಇ ಮಾತ್ರ ಒಪ್ಪುವ ಸ್ಲಾಟ್‌ಗೆ ಸಾಟಾ ಡಿಸ್ಕ್ ಹಾಕಿದರೆ ಅದು ಕೆಟ್ಟ ಡಿಸ್ಕ್‌ನಂತೆಯೇ ಎಲ್ಲಿಯೂ ಕಾಣಿಸುವುದಿಲ್ಲ.

ಬಯಾಸ್‌ನಲ್ಲಿ ಡಿಸ್ಕ್ ಕಾಣುತ್ತದೆ, ವಿಂಡೋಸ್ ಸ್ಥಾಪನೆಯ ಪಟ್ಟಿಯಲ್ಲಿ ಮಾತ್ರ ಇಲ್ಲ ಎಂಬುದು 11ನೇ ಪೀಳಿಗೆಯ ಇಂಟೆಲ್ ಯಂತ್ರಗಳಿಂದ ಈಚೆಗೆ ತೀರಾ ಸಾಮಾನ್ಯವಾಗಿದೆ. ಅಲ್ಲಿ ಡಿಸ್ಕ್‌ಗಳನ್ನು ನಿರ್ವಹಿಸುವ ವಿಎಂಡಿ ಎಂಬ ಇಂಟೆಲ್ ವ್ಯವಸ್ಥೆ ಚಾಲ್ತಿಯಲ್ಲಿರುತ್ತದೆ, ಅದರ ಡ್ರೈವರ್ ಅನ್ನು ಪೆನ್ ಡ್ರೈವ್‌ನಿಂದ ಕೊಟ್ಟರೆ ಡಿಸ್ಕ್ ಪ್ರತ್ಯಕ್ಷವಾಗುತ್ತದೆ. ಡಿಸ್ಕ್ ಬದಲಾಯಿಸಬೇಕಾದ ಅಗತ್ಯವಿಲ್ಲ.

ಬಳಸಿದ ಡಿಸ್ಕ್‌ನ ವಯಸ್ಸು ತಿಳಿಯಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಕು, ಎಷ್ಟು ಗಂಟೆ ಓಡಿದೆ, ಎಷ್ಟು ದತ್ತಾಂಶ ಬರೆಯಲಾಗಿದೆ ಎಂಬುದನ್ನು ಅದು ಡಿಸ್ಕ್‌ನಿಂದಲೇ ಓದಿ ತೋರಿಸುತ್ತದೆ. ಅಗ್ಗದ ಬೆಲೆಗೆ ಬಂದ ದೊಡ್ಡ ಡಿಸ್ಕ್ ಆಗಿದ್ದರೆ ಗಾತ್ರವನ್ನೂ ಪರೀಕ್ಷಿಸಬೇಕು. ಒಳಗಿನ ನಿಯಂತ್ರಕ ಚಿಪ್ ಸುಳ್ಳು ಗಾತ್ರ ಹೇಳುವಂತೆ ಮಾಡಿದ ನಕಲಿ ಡಿಸ್ಕ್‌ಗಳಿವೆ, ನಿಜವಾದ ಜಾಗ ತುಂಬಿದ ಮೇಲೆ ಅವು ಹಳೆಯ ಕಡತಗಳ ಮೇಲೆಯೇ ಬರೆಯುತ್ತವೆ ಅಥವಾ ಬರೆದದ್ದನ್ನು ಕಳೆದುಬಿಡುತ್ತವೆ. ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಎಂಬ ತಂತ್ರಾಂಶ ಖಾಲಿ ಡಿಸ್ಕ್ ಅನ್ನು ಪೂರ್ತಿ ತುಂಬಿಸಿ ಮತ್ತೆ ಓದಿ ಹೋಲಿಸುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ಆದರೂ ಮಗುವಿನ ಫೋಟೋಗಳನ್ನು ಅಲ್ಲಿಡುವ ಮುನ್ನ ಮಾಡಲೇಬೇಕಾದ ಕೆಲಸ.

ಪರದೆ

ಒಡೆದ ಪರದೆ ಬದಲಾಯಿಸುವವರು ಹೆಚ್ಚಾಗಿ ಎಡವುವುದು ಮಾದರಿಯ ಹೆಸರಿನಿಂದ ಪರದೆ ತರಿಸಿಕೊಂಡಾಗ. ಒಡೆದಿದ್ದರೂ ಪರದೆಯ ಪ್ಯಾನೆಲ್ ತನ್ನ ಗುರುತನ್ನು ಇಡಿಐಡಿ ಎಂಬ 128 ಬೈಟ್‌ಗಳ ಮೂಲ ದಾಖಲೆಯಲ್ಲಿ ಸಾಮಾನ್ಯವಾಗಿ ಹೇಳುತ್ತಲೇ ಇರುತ್ತದೆ. ಹೊರಗಿನ ಮಾನಿಟರ್ ಜೋಡಿಸಿ, ಡಿವೈಸ್ ಮ್ಯಾನೇಜರ್‌ನ ಮಾನಿಟರ್ಸ್ ಗುಂಪಿನಲ್ಲಿ ಲ್ಯಾಪ್‌ಟಾಪ್ ಪರದೆಯ ಹಾರ್ಡ್‌ವೇರ್ ಐಡಿ ನೋಡಿದರೆ ಮಾನಿಟರ್ ಎಂಬ ಪದದ ನಂತರದ ಮೂರು ಅಕ್ಷರಗಳು ಪ್ಯಾನೆಲ್ ಮಾಡಿದವರನ್ನು ಸೂಚಿಸುತ್ತವೆ: ಎಯುಒ, ಬಿಒಇ, ಎಲ್‌ಜಿಡಿ, ಇನ್ನೊಲಕ್ಸ್‌ನ ಸಿಎಂಎನ್. ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶ ಹಲವು ಬಾರಿ ಪ್ಯಾನೆಲ್‌ನ ಪೂರ್ಣ ಸಂಖ್ಯೆಯನ್ನೇ ಕೊಡುತ್ತದೆ. ಅಂತಿಮ ಪ್ರಮಾಣ ಪ್ಯಾನೆಲ್‌ನ ಬೆನ್ನಿನ ಮೇಲಿನ ಚೀಟಿ. ಕೇಬಲ್‌ನ ಕನೆಕ್ಟರ್ 30 ಪಿನ್‌ನದೋ 40 ಪಿನ್‌ನದೋ ಎಂಬುದನ್ನೂ ಸ್ಕ್ರೂ ಹಾಕುವ ಕಿವಿಗಳು ಇವೆಯೋ ಇಲ್ಲವೋ ಎಂಬುದನ್ನೂ ಅದೇ ಹೊತ್ತಿನಲ್ಲಿ ನೋಡಿಕೊಳ್ಳಿ, ರೆಸಲ್ಯೂಷನ್ ಒಂದೇ ಆದರೂ ಇವು ಹೊಂದದಿದ್ದರೆ ಪರದೆ ಕೂರುವುದಿಲ್ಲ.

ಉಳಿದ ಭಾಗಗಳಿಗೆ ಇಷ್ಟು ಶ್ರಮ ಬೇಕಿಲ್ಲ. ಬ್ಯಾಟರಿಗೆ, ಆಜ್ಞಾ ಕಿಟಕಿಯಲ್ಲಿ ಪವರ್‌ಸಿಎಫ್‌ಜಿ ಎಂದು ಬರೆದು ಓರೆಗೆರೆಯ ನಂತರ ಬ್ಯಾಟರಿ ರಿಪೋರ್ಟ್ ಎಂಬುದನ್ನು ಒಂದೇ ಪದವಾಗಿ ಸೇರಿಸಿದರೆ ಮೂಲ ಸಾಮರ್ಥ್ಯ ಮತ್ತು ಈಗ ಪೂರ್ತಿ ಚಾರ್ಜ್ ಆದಾಗಿನ ಸಾಮರ್ಥ್ಯ ಎರಡೂ ಇರುವ ವರದಿ ಸಿಗುತ್ತದೆ. ಪ್ರೊಸೆಸರ್‌ನ ಪೂರ್ಣ ಹೆಸರು ಟಾಸ್ಕ್ ಮ್ಯಾನೇಜರ್‌ನಲ್ಲಿದೆ. ‘ಐ5’ ಎಂಬ ಸ್ಟಿಕ್ಕರ್‌ಗೆ ಮರುಳಾಗಬೇಡಿ: ಐ5 7200ಯು ಎರಡು ಕೋರ್‌ಗಳದು, ಅದರ ಮರುಪೀಳಿಗೆಯ ಐ5 8250ಯು ನಾಲ್ಕು ಕೋರ್‌ಗಳದು.

ಮುಚ್ಚಳ ತೆರೆದಾಗ

ಚಾರ್ಜರ್ ತೆಗೆದು, ಯಂತ್ರವನ್ನು ಪೂರ್ತಿ ಆರಿಸಿ, ಮುಚ್ಚಳ ಬಿಡಿಸಿದ ತಕ್ಷಣ ಮಾಡಬೇಕಾದ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಕಳಚುವುದು. ಸ್ಕ್ರೂಗಳು ಎಲ್ಲವೂ ಒಂದೇ ಉದ್ದದವಲ್ಲ. ಕಾಗದದ ಮೇಲೆ ಲ್ಯಾಪ್‌ಟಾಪ್‌ನ ತಳದ ಚಿತ್ರ ಬರೆದು, ಬಿಚ್ಚಿದ ಸ್ಕ್ರೂವನ್ನು ಆಯಾ ಜಾಗದಲ್ಲಿಯೇ ಟೇಪ್‌ನಿಂದ ಅಂಟಿಸುತ್ತಾ ಹೋಗಿ. ಯಾವುದನ್ನೂ ಕದಲಿಸುವ ಮೊದಲು ಫೋಟೋ ತೆಗೆಯಿರಿ, ಅದರಲ್ಲಿಯೂ ವೈಫೈ ಕಾರ್ಡ್‌ನ ಎರಡು ಆಂಟೆನಾ ತಂತಿಗಳಲ್ಲಿ ಯಾವುದು ಯಾವ ಗುಬ್ಬಿಗೆ ಕೂತಿದೆ ಎಂಬುದು ಸ್ಪಷ್ಟವಾಗಿ ಕಾಣುವಂತಿರಲಿ. ಆ ಗುಬ್ಬಿಗಳು ಜೋಳದ ಕಾಳಿಗಿಂತಲೂ ಚಿಕ್ಕವು, ಓರೆಯಾಗಿ ಒತ್ತಿದರೆ ಚಪ್ಪಟೆಯಾಗುತ್ತವೆ. ನೇರವಾಗಿ ಮೇಲಿನಿಂದ ಒತ್ತಿದಾಗ ಸಣ್ಣದೊಂದು ‘ಟಕ್’ ಕೇಳಬೇಕು. ಒಂದು ತಂತಿ ಬಿಟ್ಟುಹೋಗಿದ್ದರೆ ಕಾರ್ಡ್ ಎಲ್ಲ ಪಟ್ಟಿಗಳಲ್ಲಿಯೂ ಸರಿಯಾಗಿಯೇ ಕಾಣುತ್ತದೆ, ಸಿಗ್ನಲ್ ಮಾತ್ರ ಪಕ್ಕದ ಕೋಣೆಗೆ ಹೋದೊಡನೆ ಸಾಯುತ್ತದೆ.

ನಮ್ಮ ಯಂತ್ರದ ಮುಚ್ಚಳ ತೆರೆದಾಗಲೂ ಒಂದು ತಂತಿ ಬಿಟ್ಟಿರುವುದು ಕಂಡಿತು, ಆದರೆ ಅದು ದೋಷವಾಗಿರಲಿಲ್ಲ. ಕಾರ್ಡ್‌ನ ಚೀಟಿಯಲ್ಲಿ ಆರ್‌ಟಿಎಲ್ 8821ಸಿಇ ಎಂದೇ ಇತ್ತು. ಈ ಕಾರ್ಡ್‌ಗೆ ಬೇಕಾದದ್ದು ಒಂದೇ ತಂತಿ, ಎರಡನೆಯ ತಂತಿಯ ತುದಿಗೆ ಯಾರೋ ಕಪ್ಪು ಟೇಪ್ ಸುತ್ತಿ ಬದಿಗೆ ಸೇರಿಸಿದ್ದರು. ಕಾರ್ಡ್ ಬದಲಾಯಿಸಿದ ಕೈ ಅಜಾಗರೂಕತೆಯದಲ್ಲ, ಹೇಳದೆ ಉಳಿದದ್ದಷ್ಟೇ ತೊಂದರೆಯಾಯಿತು. ಅಣ್ಣನ ಮಗಳ ಫೋನನ್ನು ಕೇಬಲ್‌ನಿಂದ ಜೋಡಿಸಿ, ಯುಎಸ್‌ಬಿ ಟೆದರಿಂಗ್ ಮೂಲಕ ಇಂಟರ್ನೆಟ್ ಕೊಟ್ಟು ವಿಂಡೋಸ್ ಅಪ್‌ಡೇಟ್ ನಡೆಸಿದೆವು. ಐಡಿ ನೋಡಿ ಸರಿಯಾದ ಡ್ರೈವರ್ ಅನ್ನು ಅದೇ ತಂದುಕೊಂಡಿತು, ಎರಡನೆಯ ಬಾರಿ ಆರಂಭಿಸಿದಾಗ ಮನೆಯ ವೈಫೈ ಹೆಸರು ಪಟ್ಟಿಯಲ್ಲಿತ್ತು. “ಚಿಕ್ಕಪ್ಪ, ಆ ನಂಬರ್ ಎಲ್ಲಾದ್ರೂ ಬರೆದಿಡಿ” ಎಂದಳು ಅವಳು. ಕಾರ್ಡ್‌ನ ಸಂಖ್ಯೆ, ರ‍್ಯಾಮ್ ಪೀಳಿಗೆ, ಡಿಸ್ಕ್‌ನ ಬಗೆ, ಪ್ಯಾನೆಲ್ ಸಂಖ್ಯೆ, ಬಿಚ್ಚಿದ ದಿನಾಂಕ ಇವನ್ನು ಒಂದು ಚೀಟಿಯಲ್ಲಿ ಬರೆದು, ಮುಚ್ಚಳದ ಒಳಬದಿಯಲ್ಲಿ ಗಾಳಿಯ ಕಿಂಡಿಗೆ ಅಡ್ಡವಾಗದ ಜಾಗ ನೋಡಿ ಅಂಟಿಸಿ, ಸ್ಕ್ರೂಗಳನ್ನು ಮತ್ತೆ ಬಿಗಿದೆವು.